ಎಂಟನೇ ವಾರ್ಡಿನ ಹಲಗೆ

ಮೇಜಿನ ಗಾಜು ಒರೆಸಿ, ಹಾಳೆ ಹರಡಿ, ಉಕ್ಕಿನ ಅಳತೆಪಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದು ಅಂಚು ಕತ್ತರಿಸುತ್ತಿದ್ದೆ. ಪ್ರಿಂಟರಿನಿಂದ ಬಂದ ಹಾಳೆಗೆ ಸುತ್ತಲೂ ಬಿಳಿ ಅಂಚು ಉಳಿದಿರುತ್ತದೆ. ಅದನ್ನು ತೆಗೆಯದೆ ಗೋಡೆಗೆ ಅಂಟಿಸಿದರೆ ಭಾವನಿಗೆ ಸರಿಬರುವುದಿಲ್ಲ. ಬ್ಲೇಡು ಎಳೆದಾಗಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಮೇಜಿನ ಆಚೆ ಬದಿಗೆ ಭಾವ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದರು. ಅವರು ಈ ಕಡೆ ತಿರುಗಿದರೆ ಓದಲು ಬರುವಂತೆ ಹಾಳೆಗಳನ್ನು ಇಡಬೇಕು. ಹಾಗಾಗಿ ನನ್ನ ಕಡೆಯಿಂದ ಎಲ್ಲವೂ ತಲೆಕೆಳಗು.

ನನಗೆ ಅದರಿಂದ ತೊಂದರೆಯಿಲ್ಲ. ಓದುವುದು ನನ್ನ ಕೆಲಸವಲ್ಲ. ಕತ್ತರಿಸುವುದು, ಅಂಟಿಸುವುದು, ಹಳತನ್ನು ಕಿತ್ತು ಸುತ್ತಿಡುವುದು, ನಡುವೆ ಚಹಾ ಮಾಡುವುದು ನನ್ನ ಕೆಲಸ. ಭಾವ ಅಕ್ಷರ ಮಾಡುವವರು. ಪುಸ್ತಕಕ್ಕೆ, ಫಲಕಕ್ಕೆ, ಮೊಬೈಲಿಗೆ ಬೇಕಾಗುವ ಫಾಂಟುಗಳನ್ನು ರೂಪಿಸುವುದು ಅವರ ಉದ್ಯೋಗ. ಒಂದೊಂದು ಅಕ್ಷರವನ್ನು ನೂರು ಸಲ ತಿದ್ದಿ, ನೂರು ಸಲ ಅಚ್ಚು ಹಾಕಿ, ಗೋಡೆಗೆ ಅಂಟಿಸಿ, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಷ್ಟು ಹೊತ್ತು ಅವರು ಅಕ್ಕನ ಮುಖವನ್ನೂ ನೋಡಿರಲಾರರು ಎಂದು ಅಕ್ಕನೇ ನಗುತ್ತಾಳೆ.

ಅಕ್ಷರಗಳನ್ನು ತಲೆಕೆಳಗಾಗಿ ನೋಡಿ ನೋಡಿ ನನಗೆ ಒಂದು ಸಂಗತಿ ತಿಳಿದಿತ್ತು. ಎಂಟು ಎಂಬ ಇಂಗ್ಲಿಷ್ ಅಂಕಿಯನ್ನೇ ತೆಗೆದುಕೊಳ್ಳಿ. ಒಂದರ ಮೇಲೊಂದು ಕೂತ ಎರಡು ಸೊನ್ನೆ. ಎರಡೂ ಸಮ ಅನ್ನಿಸುತ್ತದೆ; ಸಮ ಅಲ್ಲ. ಅಚ್ಚಿನ ಎಂಟಿನಲ್ಲಿ ಮೇಲಿನ ಸೊನ್ನೆ ಸ್ವಲ್ಪ ಸಣ್ಣದು. ತಲೆಕೆಳಗು ಮಾಡಿದರೆ ಆಗ ಗೊತ್ತಾಗುತ್ತದೆ, ದೊಡ್ಡ ಮೂಟೆ ಹೊತ್ತ ಕೂಲಿಯವನ ಹಾಗೆ ಅದು ತೂರಾಡುತ್ತ ನಿಂತಿರುತ್ತದೆ. ಭಾವ ಈವರೆಗೆ ಮಾಡಿದ ಎಲ್ಲ ಎಂಟುಗಳೂ ನನ್ನ ಕಡೆಯಿಂದ ಮೂಟೆ ಹೊತ್ತವೇ.

ಆ ದಿನದ ಎಂಟು ಹಾಗಿರಲಿಲ್ಲ. ತಲೆಕೆಳಗಾಗಿಯೂ ಅದು ಕಾಲೂರಿ ನೆಟ್ಟಗೆ ನಿಂತಿತ್ತು. ಅಂದರೆ ಅದರ ಮೇಲಿನ ಸೊನ್ನೆಯೇ ದೊಡ್ಡದು. ಪಕ್ಕದ ಮೂರು, ಅದರಾಚೆಯ ಐದು, ಅವೂ ಹಾಗೆಯೇ. ಬ್ಲೇಡು ಅರ್ಧಕ್ಕೆ ನಿಂತಿತು. ಆ ಎಂಟನ್ನು ನಾನು ಬಲ್ಲೆ.

ಅಪ್ಪ ಬೋರ್ಡು ಬರೆಯುವವರಾಗಿದ್ದರು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು. ಒಂದು ದಿನ ಶಾಲೆಯ ಬದಲು ಅಪ್ಪನ ಹಿಂದೆ ಹೋದೆ. ಯಾರೂ ವಾಪಸ್ಸು ಕಳಿಸಲಿಲ್ಲ. ಅಪ್ಪ ಹಲಗೆಯನ್ನು ನೆಲದ ಮೇಲೆ ಮಲಗಿಸಿ ಬರೆಯುತ್ತಿದ್ದರು. ಅದರ ತಲೆಯ ಕಡೆ ಕೂತು ಅಲುಗಾಡದಂತೆ ಹಿಡಿಯುವುದು ನನ್ನ ಪಾಲಿಗೆ ಬಂದ ಕೆಲಸ. ಹೀಗೆ ಅಪ್ಪನ ಅಕ್ಷರಗಳನ್ನೂ ನಾನು ತಲೆಕೆಳಗಾಗಿಯೇ ಕಲಿತದ್ದು. ದೊಡ್ಡಾಸ್ಪತ್ರೆಯ ವಾರ್ಡುಗಳ ಹಲಗೆಗಳನ್ನೆಲ್ಲ ಬರೆದದ್ದು ಅವರೇ. ಅವು ಬಾಗಿಲಿನ ಮೇಲೆ, ಎತ್ತರದಲ್ಲಿ ಕೂರುವಂಥವು.

"ಮೇಲಿನ ಸೊನ್ನೆ ಯಾಕಪ್ಪಾ ದಪ್ಪ?" ಎಂದು ಒಮ್ಮೆ ಕೇಳಿದ್ದೆ.

"ಕೆಳಗೆ ನಿಂತು ಕತ್ತೆತ್ತಿ ನೋಡೋರಿಗೆ ತಲೆ ಸಣ್ಣದಾಗಿ ಕಾಣುತ್ತೆ ಮಗಳೇ. ಸಣ್ಣದಾಗೋದನ್ನ ಮೊದಲೇ ದೊಡ್ಡದು ಮಾಡಿಟ್ಟರೆ, ನೋಡೋ ಹೊತ್ತಿಗೆ ಸರಿಹೋಗುತ್ತೆ. ಮೇಲಿರೋರಿಗೆ ಯಾವಾಗ್ಲೂ ಸ್ವಲ್ಪ ಜಾಸ್ತಿ ಕೊಡ್ಬೇಕಾಗುತ್ತೆ," ಎಂದು ನಕ್ಕಿದ್ದರು.

ಈಗ ಅಪ್ಪನ ಕಣ್ಣಿಗೆ ಬೆಳಕು ಮತ್ತು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಕ್ಕ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆತಂದಿದ್ದಳು. ಅಪ್ಪನಿಗೆ ಹಿಂದಿನ ಕೋಣೆ, ನನಗೆ ಅಡುಗೆಮನೆಯ ಪಕ್ಕದ ಸಣ್ಣ ಕೋಣೆ, ಮುಂದಿನ ದೊಡ್ಡ ಕೋಣೆ ಭಾವನ ಕಚೇರಿ.

"ಏನ್ ಮೌನಗೌರಿ, ಬ್ಲೇಡಿಗೆ ಊಟದ ವಿರಾಮವಾ?" ತಿರುಗದೆಯೇ ಭಾವ ಕೇಳಿದರು.

ನಾನು ಮತ್ತೆ ಕತ್ತರಿಸತೊಡಗಿದೆ.

*

ಆ ವಾರದಲ್ಲೇ ಆಸ್ಪತ್ರೆಯ ಕಡೆಯವರು ಬಂದರು. ಫಲಕಗಳ ಹೊಣೆ ಹೊತ್ತ ಕನ್ನಡಕದ ಮೇಡಂ ಒಬ್ಬರು, ಜೊತೆಗೆ ಆಸ್ಪತ್ರೆಯ ಮ್ಯಾನೇಜರು. ದೊಡ್ಡಾಸ್ಪತ್ರೆಯನ್ನು ನವೀಕರಿಸುತ್ತಿದ್ದರು, ಒಳಗಿನ ಎಲ್ಲ ಫಲಕಗಳಿಗೂ ಒಂದೇ ಬಗೆಯ ಹೊಸ ಅಕ್ಷರ ಬೇಕಾಗಿತ್ತು. ಭಾವನ ಕೈಗೆ ಬಂದ ಅತಿ ದೊಡ್ಡ ಕೆಲಸ ಅದು. ಒಂದೇ ಷರತ್ತು: ಅಕ್ಷರ ಯಾರದನ್ನೂ ನೋಡಿ ಮಾಡಿದ್ದಾಗಿರಬಾರದು. ಹಿಂದೆ ಯಾರೋ ಬೇರೆಯವರ ಫಾಂಟಿಗೆ ಹೊಸ ಹೆಸರಿಟ್ಟು ಕೊಟ್ಟು ಸಿಕ್ಕಿಬಿದ್ದಿದ್ದರಂತೆ. ಅಂದಿನಿಂದ ಮೇಡಂಗೆ ಮಜ್ಜಿಗೆಯನ್ನೂ ಊದಿ ಕುಡಿಯುವ ಅಭ್ಯಾಸ.

ನಾನು ಚಹಾದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಭಾವ ಗೋಡೆಯ ಮುಂದೆ ನಿಂತು ಹೇಳುತ್ತಿದ್ದರು.

"ಇದರ ಹೆಸರು 'ನಡಿಗೆ' ಅಂತ ಇಟ್ಟಿದೀನಿ. ನೋಡಿ, ಗೆರೆಗಳ ತುದಿಯಲ್ಲಿ ಕೊಕ್ಕೆ, ಬಾಲ ಏನೂ ಇಲ್ಲ. ಸ್ವಚ್ಛ. ಹಾಗಂತ ಸ್ಕೇಲು, ಕೈವಾರ ಹಿಡಿದು ಎಳೆದದ್ದೂ ಅಲ್ಲ. ಗೆರೆ ಹೊರಡೋವಾಗ ತೆಳು, ತಿರುವಿನಲ್ಲಿ ತುಂಬ್ಕೊಳ್ಳುತ್ತೆ, ಮತ್ತೆ ತೆಳುವಾಗುತ್ತೆ. ಕೈ ಬರೆದ ಹಾಗೆ."

"ಹ್ಯೂಮನಿಸ್ಟ್ ಸಾನ್ಸ್ ಅಂತಾರಲ್ಲ, ಆ ಜಾತಿ," ಎಂದರು ಮೇಡಂ.

"ಅದೇ. ಮನುಷ್ಯರ ಕೈ ಗೊತ್ತಾಗಬೇಕು. ಆಸ್ಪತ್ರೆಗೆ ಬರೋರು ಮೊದಲೇ ಹೆದರಿರ್ತಾರೆ, ಅವರಿಗೆ ಮಿಷನ್ ಮಾತಾಡಿದ ಹಾಗಿರಬಾರದು."

ಮೇಡಂ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದರು. "ಈ ಅಂಕಿಗಳ ತಲೆ ಸ್ವಲ್ಪ ದೊಡ್ಡದಲ್ವಾ?"

ನಾನು ಭಾವನ ಮುಖ ನೋಡಿದೆ. ಭಾವ ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಅಷ್ಟೇ.

"ಬೇಕಂತಲೇ ಮಾಡಿದ್ದು ಮೇಡಂ. ನಡೆಯೋವಾಗ ಮನುಷ್ಯ ಸ್ವಲ್ಪ ಮುಂದಕ್ಕೆ ಬಗ್ಗಿರ್ತಾನೆ. ತಲೆ ಮುಂದೆ, ಕಾಲು ಹಿಂದೆ. ಅಂಕಿನೂ ಹಾಗೆ ಓದೋರ ಕಡೆ ಬಗ್ಗಿ ಬರಬೇಕು. ಅದಕ್ಕೇ 'ನಡಿಗೆ'."

"ಆಹಾ," ಎಂದರು ಮ್ಯಾನೇಜರು. ಅವರು ಚಹಾದ ಕಡೆ ನೋಡುತ್ತಿದ್ದರು.

"ಇದು ಪೂರ್ತಿ ನಿಮ್ಮದೇ ತಾನೆ?" ಮೇಡಂ ನೇರವಾಗಿ ಕೇಳಿದರು. "ಆಮೇಲೆ ಯಾರಾದ್ರೂ ಬಂದು ನಮ್ಮದು ಅಂತ ಕೂತರೆ ನಾನು ತಲೆ ಕೊಡಬೇಕಾಗುತ್ತೆ."

"ಒಂದೊಂದು ಗೆರೆಯೂ ನಂದೇ."

ಹಿಂದಿನ ಕೋಣೆಯಿಂದ ಅಪ್ಪ ಕೂಗಿದರು: "ಯಾರು ಬಂದಿರೋದು?"

"ಯಾರೂ ಇಲ್ಲಪ್ಪ, ಕೆಲಸದೋರು," ಎಂದು ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಟ್ಟು, ಹೋಗಿ ಅವರ ಕೋಣೆಯ ಬಾಗಿಲು ಮುಂದೆ ಮಾಡಿದಳು. ಅಪ್ಪನ ಬಾಗಿಲನ್ನು ಹಗಲಿನಲ್ಲಿ ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಯಾರಾದರೂ ಬಂದರೆ ಹೊರಗೆ ಬಂದು ಕೂತು ಅವರ ಊರು ಕೇರಿ ವಿಚಾರಿಸುವುದು ಅಪ್ಪನಿಗೆ ಊಟಕ್ಕಿಂತ ಹೆಚ್ಚು.

*

ಅಂದಿನಿಂದ ನಾನು ಭಾವನ ಮೇಲೆ ಕಣ್ಣಿಟ್ಟೆ. ನನ್ನಂಥವಳಿಗೆ ಅದು ಕಷ್ಟವಲ್ಲ. ಮಾತಾಡದವರನ್ನು ಜನ ಕುರ್ಚಿ ಮೇಜಿನ ಲೆಕ್ಕಕ್ಕೆ ಸೇರಿಸುತ್ತಾರೆ. ಅವರೆದುರಿಗೆ ಏನನ್ನೂ ಮುಚ್ಚುವುದಿಲ್ಲ.

ಹಾಳೆಗಳನ್ನು ನಿಜವಾದ ಗೋಡೆಯ ಮೇಲೆ ನೋಡಬೇಕೆಂದು ಮೇಡಂ ಹೇಳಿದ್ದರು. ಅದಕ್ಕೆ ಭಾವ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಉದ್ದ ಹಾಳೆಗಳ ಮೇಲಂಚು ಅಂಟಿಸಲು ಸ್ಟೂಲು ಹತ್ತಬೇಕಲ್ಲ, ಅದಕ್ಕೆ ನಾನು. ಮನೆಯಲ್ಲಿ ಬಲ್ಬು ಹೋದರೂ ಭಾವ ನನ್ನನ್ನೇ ಕರೆಯುತ್ತಾರೆ. ಎರಡಡಿ ಮೇಲೆ ಹೋದರೆ ಅವರ ಕಾಲು ನಡುಗುತ್ತದೆ.

ಹೊಸ ಫಲಕಗಳು ಬಾಗಿಲ ಮೇಲಲ್ಲ, ಬಾಗಿಲ ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕೆ ಬರುವಂಥವು. ಎಂಟನೇ ವಾರ್ಡಿನ ಮುಂದೆ ನಾನು ಹೊಸ ಎಂಟನ್ನು ಅಂಟಿಸಿದೆ. ನೆಲ ಒರೆಸುತ್ತಿದ್ದ ಆಯಾ ಕೋಲಿಗೆ ಗಲ್ಲ ಊರಿ ನಿಂತು ನೋಡಿದಳು.

"ಇದೇನಮ್ಮ, ಈ ಎಂಟು ಬಗ್ಗಿ ನನ್ನೇ ನೋಡ್ತಿದೆ! ನಮ್ಮತ್ತೆ ನೋಡ್ತಿದ್ರು ಹಿಂಗೆ, ಕೆಲಸ ಮುಗೀತಾ ಅಂತ."

"ನೋಡಬೇಕು ಅಂತಲೇ ಮಾಡಿರೋದಮ್ಮ," ಎಂದು ಭಾವ ನಕ್ಕರು. ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಬಾಗಿಲಿನ ಮೇಲೆ ಅಪ್ಪನ ಹಳೆಯ ಹಲಗೆ ಇತ್ತು. ನೀಲಿಯ ಮೇಲೆ ಬಿಳಿ ಎಂಟು, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಕೆಳಗಿನಿಂದ ನೋಡಿದರೆ ಅದರ ತಲೆ ದೊಡ್ಡದಾಗಿ ಕಾಣುತ್ತಲೇ ಇರಲಿಲ್ಲ. ಎಲ್ಲ ಎಂಟುಗಳ ಹಾಗೆ ಒಂದು ಎಂಟು. ಪಕ್ಕದಲ್ಲೇ ಇದ್ದರೂ ಎರಡೂ ಒಂದೇ ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಅದನ್ನು ನೆಲದ ಮೇಲೆ ಮಲಗಿಸಿದ್ದಾಗ ನೋಡಿದವರಿಗೆ ಮಾತ್ರ ಗೊತ್ತಾಗುವ ಮಾತು. ನನ್ನನ್ನೂ ಅಪ್ಪನನ್ನೂ ಬಿಟ್ಟರೆ ಅಂಥವರು ಇನ್ನಾರೂ ಇಲ್ಲವೆಂದು ನಾನು ತಿಳಿದಿದ್ದೆ.

ಆದರೆ ಭಾವ ಆ ಹಲಗೆಯ ಕಡೆ ಒಮ್ಮೆ ಕತ್ತೆತ್ತಿ, ಬಿಸಿ ಮುಟ್ಟಿದವರಂತೆ ತಕ್ಷಣ ಕಣ್ಣು ಕೆಳಗಿಳಿಸಿದರು.

"ಹಳೇ ಹಲಗೆಗಳನ್ನ ಮೊದಲು ಇಳಿಸಿಬಿಡಿ ಸಾರ್," ಎಂದರು, ನೋಡಲು ಬಂದು ನಿಂತಿದ್ದ ಮ್ಯಾನೇಜರಿಗೆ. "ಎರಡೂ ಒಟ್ಟಿಗೆ ಇದ್ರೆ ಜನಕ್ಕೆ ಗೊಂದಲ."

"ಇಳಿಸಿ ಏನ್ ಮಾಡೋದು? ಗೋಡೌನ್ ತುಂಬಿ ತುಳುಕ್ತಿದೆ."

"ಮರ ತಾನೆ. ಬಾಯ್ಲರಿಗೆ ಹಾಕ್ಸಿ."

ನಾನು ಸ್ಟೂಲಿನ ಮೇಲೆಯೇ ಇದ್ದೆ. ಕೈ ಚಾಚಿದ್ದರೆ ಅಪ್ಪನ ಎಂಟು ಸಿಗುತ್ತಿತ್ತು. ಬಣ್ಣದ ದಪ್ಪ ಬೆರಳಿಗೆ ತಾಗುತ್ತಿತ್ತು. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಹಲಗೆಗಳನ್ನು ಸುಡಲು ಭಾವನಿಗೆ ಯಾಕಿಷ್ಟು ಅವಸರ?

"ಇಳಿಯಮ್ಮ, ಅಲ್ಲೇ ಮನೆ ಮಾಡ್ತೀಯಾ?" ಎಂದರು ಭಾವ.

*

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಭಾವ ಆಸ್ಪತ್ರೆಯಲ್ಲಿ ಕೆಳಗೆ ನಿಂತು ಅಪ್ಪನ ಹಲಗೆಗಳ ಫೋಟೋ ತೆಗೆದು, ಅದನ್ನು ನೋಡಿ ಮಾಡಿರಬಹುದೇ? ಹಾಗಿದ್ದರೆ ಫೋಟೋದಲ್ಲಿ ತಲೆ ಸಣ್ಣದಾಗಿ ಬರುತ್ತಿತ್ತು, ಹೊಸ ಎಂಟು ಎಲ್ಲ ಎಂಟುಗಳಂತೆ ಇರುತ್ತಿತ್ತು. ಏಣಿ ಹತ್ತಿ ಎದುರಿನಿಂದ ತೆಗೆದಿರಬಹುದೇ? ಸ್ಟೂಲು ಕಂಡರೆ ಬೆವರುವ ಮನುಷ್ಯ. ಅಂದರೆ ಅವರು ನೋಡಿದ್ದು ಗೋಡೆಯ ಮೇಲಿನ ಅಕ್ಷರವನ್ನಲ್ಲ. ನೆಲದ ಮೇಲೆ, ಮೇಜಿನ ಮೇಲೆ ಸಪಾಟಾಗಿ ಮಲಗಿದ್ದನ್ನು.

ಅಂಥದ್ದು ಒಂದೇ ಜಾಗದಲ್ಲಿತ್ತು. ಅಪ್ಪನ ಮಂಚದ ಕೆಳಗಿನ ಟ್ರಂಕಿನಲ್ಲಿ.

ಬೋರ್ಡು ಬರೆಯುವವರು ಪ್ರತಿ ಸಲವೂ ಅಕ್ಷರವನ್ನು ಹೊಸದಾಗಿ ಎಳೆಯುವುದಿಲ್ಲ. ಒಮ್ಮೆ ದೊಡ್ಡ ಕಾಗದದಲ್ಲಿ ಬರೆದು, ಅದರ ಅಂಚಿನುದ್ದಕ್ಕೂ ಸೂಜಿಯಿಂದ ತೂತು ಹಾಕಿಡುತ್ತಾರೆ. ಕಾಗದವನ್ನು ಹಲಗೆಯ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯಿಂದ ತಟ್ಟಿದರೆ, ತೂತುಗಳ ಮೂಲಕ ಪುಡಿ ಇಳಿದು ಹಲಗೆಯ ಮೇಲೆ ಚುಕ್ಕಿಗಳ ಅಕ್ಷರ ಮೂಡುತ್ತದೆ. ಅಪ್ಪ ಅವನ್ನು 'ಜರಡಿ' ಎನ್ನುತ್ತಿದ್ದರು. ಅಪ್ಪನ ಜರಡಿಗಳೆಲ್ಲ ಎತ್ತರದ ಹಲಗೆಗೆ ಮಾಡಿದವು. ಎಲ್ಲಕ್ಕೂ ತಲೆ ದೊಡ್ಡದು.

ಕೆಲವು ತಿಂಗಳ ಹಿಂದೆ ಸ್ಕ್ಯಾನರಿನ ಗಾಜು ಒರೆಸಿದಾಗ ಬಟ್ಟೆ ಕಪ್ಪಗಾಗಿತ್ತು. ಪ್ರಿಂಟರಿನ ಪುಡಿ ಎಂದಿದ್ದರು ಭಾವ. ಇಂಕ್ ಹಾಕುವ ಪ್ರಿಂಟರಿನಲ್ಲಿ ಪುಡಿ ಎಲ್ಲಿಂದ ಬರಬೇಕು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಮಾರನೇ ದಿನ ಬೆಳಗ್ಗೆ ಅಪ್ಪ ಕೋಲು ಹಿಡಿದು ಮೂಲೆಯ ಚಹಾ ಅಂಗಡಿಗೆ ಹೋದ ಮೇಲೆ ನಾನು ಟ್ರಂಕನ್ನು ಹೊರಗೆಳೆದೆ. ಜರಡಿಗಳ ಸುರುಳಿ ಇದ್ದ ಜಾಗದಲ್ಲೇ ಇತ್ತು. ಭಾವ ಕದ್ದಿದ್ದರೂ ವಾಪಸ್ಸು ಇಟ್ಟಿದ್ದಾರೆ ಎಂದುಕೊಂಡೆ. ಆಗ ದಾರದ ಗಂಟು ಕಣ್ಣಿಗೆ ಬಿತ್ತು.

ಅಪ್ಪ ಕಟ್ಟುವುದು ಜಾರುಗಂಟು. ಒಂದು ಕೈಯಲ್ಲಿ ಕುಂಚ ಇರುವಾಗ ಇನ್ನೊಂದು ಕೈಯಿಂದ ಎಳೆದರೆ ಬಿಚ್ಚಿಕೊಳ್ಳಬೇಕು. ಭಾವನಿಗೆ ಗಂಟು ಕಟ್ಟಲೇ ಬರುವುದಿಲ್ಲ; ಅವರ ಬೂಟಿಗೂ ಲೇಸಿಲ್ಲ. ಈ ಗಂಟಿಗೆ ಚಿಟ್ಟೆಯ ರೆಕ್ಕೆಯಂತೆ ಎರಡು ಕುಣಿಕೆ, ಅವೆರಡನ್ನೂ ಸೇರಿಸಿ ಮೇಲೊಂದು ಬಿಗಿಗಂಟು. ಶಾಲೆಗೆ ಹೋಗುವಾಗ ನನ್ನ ಜಡೆಯ ರಿಬ್ಬನ್ನು ಸಂಜೆಯವರೆಗೆ ಬಿಚ್ಚಿಕೊಳ್ಳಬಾರದೆಂದು ಹೀಗೆ ಕಟ್ಟುತ್ತಿದ್ದವಳು ಒಬ್ಬಳೇ.

ನಾನು ಸುರುಳಿ ಬಿಚ್ಚಲಿಲ್ಲ. ಬಿಚ್ಚಿ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಟ್ರಂಕನ್ನು ಒಳಗೆ ತಳ್ಳಿ, ಕೈಗೆ ಅಂಟಿದ ಇದ್ದಿಲನ್ನು ತೊಳೆದುಕೊಂಡೆ.

*

ಮಹಡಿಯ ಮೇಲೆ ಒಣಗಿದ ಹೊದಿಕೆಗಳನ್ನು ಮಡಿಸುವಾಗ ಅಕ್ಕ ಒಂದು ತುದಿ ಹಿಡಿದಿದ್ದಳು, ನಾನು ಇನ್ನೊಂದು.

"ಏನೇ ಅದು ಮುಖ? ಹಾಗಲಕಾಯಿ ತಿಂದೋರ ಹಾಗೆ."

"ಟ್ರಂಕು ತೆಗೆದಿದ್ದೆ."

ಅವಳ ಕಡೆಯ ಬಟ್ಟೆ ಸಡಿಲವಾಯಿತು. "ಯಾವ ಟ್ರಂಕು?"

"ನಮ್ಮನೇಲಿ ಎಷ್ಟು ಟ್ರಂಕಿದೆ?"

"ಅಬ್ಬಬ್ಬಾ, ನಿಂಗೆ ಎದುರು ಮಾತೂ ಬರುತ್ತಾ!"

"ಗಂಟು ನಿಂದು ಅಕ್ಕ."

ಅವಳು ನಕ್ಕಳು. ನಗು ಸ್ವಲ್ಪ ಉದ್ದವಾಯಿತು. "ಗಂಟು ನೋಡಿ ಕಳ್ಳರನ್ನ ಹಿಡಿಯೋ ಪೊಲೀಸು ನೋಡು ಇವಳು."

"ಕಳ್ಳರು ಅಂತ ನಾನ್ ಹೇಳಿಲ್ಲ."

ಹೊದಿಕೆಯ ತುದಿಯನ್ನು ತಂದು ನನ್ನ ಕೈಗಿಟ್ಟು ಅವಳು ಅಲ್ಲೇ ನಿಂತಳು. ತುಂಬ ಹತ್ತಿರ. ಮುಖದಲ್ಲಿ ನಗುವಿರಲಿಲ್ಲ.

"ಐದಾರು ತಿಂಗಳು ಅವರು ರಾತ್ರಿ ನಿದ್ದೆ ಮಾಡ್ಲಿಲ್ಲ, ಗೊತ್ತಾ ನಿಂಗೆ? ಏನು ಬರೆದ್ರೂ ಹೆಣದ ಹಾಗಿತ್ತು. ಮೇಡಂ ಎರಡು ಸಲ ವಾಪಸ್ಸು ಕಳಿಸಿದ್ರು. ಮೂರನೇ ಸಲ ಬೇರೆಯವರನ್ನ ನೋಡ್ಕೋತೀವಿ ಅಂದ್ರು. ಆಗ ನಾನೇ ಜರಡಿ ತೆಗೆದುಕೊಟ್ಟೆ. ಸುಮ್ನೆ ನೋಡಿ, ಕೈಗೆ ಹುರುಪು ಬರುತ್ತೆ ಅಂದೆ. ನೋಡಿದ್ರು."

"ಬರೀ ನೋಡಿದ್ರಾ?"

"ಮೊದಲು ನೋಡಿದ್ರು."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅಕ್ಕ ಇನ್ನೊಂದು ಹೊದಿಕೆ ತೆಗೆದುಕೊಂಡಳು.

"ಅಪ್ಪನ ಹತ್ರ ಇದ್ದಿದ್ದು ಒಂದು ಬುಟ್ಟಿ ಅಕ್ಷರ. ಅವರು ಮಾಡಿದ್ದು ಒಂದು ಲಾರಿ. ತೆಳು, ದಪ್ಪ, ಓರೆ, ಚಿಕ್ಕದು, ಅಕ್ಷರದ ಪಕ್ಕ ಅಕ್ಷರ ಎಷ್ಟು ದೂರ ಕೂರಬೇಕು ಅನ್ನೋದು. ಅದೆಲ್ಲ ಅವರದ್ದೇ ಬೆವರು. ಅಂಕಿ ಮಾತ್ರ ಹೆಚ್ಚು ತಿದ್ದಲಿಲ್ಲ. ಅಂಕಿಗಳಲ್ಲಿ ಏನೋ ಜೀವ ಇದೆ, ಮುಟ್ಟಿದ್ರೆ ಹೋಗುತ್ತೆ ಅಂದ್ರು."

ತಲೆ ದೊಡ್ಡದಾಗಿರುವುದು ಯಾಕೆಂದು ಭಾವನಿಗೆ ಗೊತ್ತೇ ಇಲ್ಲ ಎಂದು ನನಗೆ ಆಗ ತಿಳಿಯಿತು. ಎತ್ತರಕ್ಕೆ ಮಾಡಿದ ಅಕ್ಷರವನ್ನು ಕಣ್ಣಿನ ಮಟ್ಟಕ್ಕೆ ತಂದು, ಅದಕ್ಕೊಂದು ಕತೆ ಕಟ್ಟಿ, ಆ ಕತೆಯನ್ನು ತಾವೇ ನಂಬಿದ್ದರು.

"ಅಪ್ಪನ್ನ ಒಂದ್ ಮಾತು ಕೇಳ್ಬೇಕಿತ್ತು," ಎಂದೆ.

"ಕೇಳಿದ್ರೆ ಬೇಡ ಅಂತಿದ್ರಾ? ಕುಣಿದುಬಿಡ್ತಿದ್ರು. ಅದೇ ತೊಂದರೆ. ಮಾರನೇ ದಿನ ಚಹಾ ಅಂಗಡಿಯಲ್ಲಿ ಡಂಗುರ. ನನ್ ಅಳಿಯ ನನ್ ಅಕ್ಷರ ಕಂಪ್ಯೂಟರಿಗೆ ಹಾಕಿದಾನೆ ಅಂತ ದಾರೀಲಿ ಹೋಗೋರ ಕೈ ಹಿಡಿದು ಹೇಳೋರು. ಆ ಮಾತು ಮೇಡಂ ಕಿವಿಗೆ ಬೀಳೋಕೆ ಎಷ್ಟು ಹೊತ್ತು? ಪೂರ್ತಿ ನಂದೇ ಅಂತ ಸಹಿ ಹಾಕಿ ಕೊಟ್ಟಿದಾರೆ ಕಣೇ. ಕೆಲಸ ಹೋಗುತ್ತೆ, ಹೆಸರೂ ಹೋಗುತ್ತೆ. ಆಮೇಲೆ ಅವರ ಹತ್ರ ಯಾರು ಬರ್ತಾರೆ? ನಾವು ನಾಲ್ಕು ಜನ ಯಾರ ಮನೆ ಬಾಗಿಲಿಗೆ ಹೋಗೋದು?"

"ಹಲಗೆ ಸುಡಿಸೋದು? ಅದೂ ನೀನೇ ಹೇಳಿದ್ದಾ?"

ಅಕ್ಕ ಹೊದಿಕೆಯ ಅಂಚನ್ನು ಅಂಚಿಗೆ ಸರಿಯಾಗಿ ಜೋಡಿಸಿ, ಅಂಗೈಯಿಂದ ಸುಕ್ಕು ತೀಡಿ, ಇನ್ನೂ ಒಂದು ಮಡಿಕೆ ಹಾಕಿದಳು.

"ಅಪ್ಪನ ಅಕ್ಷರ ಟ್ರಂಕಿನಲ್ಲಿ ಗೆದ್ದಲು ತಿಂತಿತ್ತು," ಎಂದಳು. "ಈಗ ಊರೆಲ್ಲ ಅದನ್ನ ನೋಡ್ಕೊಂಡು ದಾರಿ ಹುಡುಕುತ್ತೆ. ಅದು ಸಾಲ್ದಾ?"

ಮಡಿಸಿದ ಹೊದಿಕೆಗಳನ್ನು ನಾನು ತೋಳಿನ ಮೇಲೆ ಪೇರಿಸಿಕೊಂಡೆ. ಮೆಟ್ಟಿಲು ಇಳಿಯುವಾಗ ಬೇರೆ ಏನೋ ನೆನಪಾಯಿತು. ಹಳೇ ಮನೆ ಖಾಲಿ ಮಾಡಿದ ದಿನ ಅಮ್ಮನ ಪಾತ್ರೆಗಳನ್ನೇ ಅರ್ಧ ಬಿಟ್ಟುಬಂದಿದ್ದೆವು. ಆ ಟ್ರಂಕನ್ನು ಮಾತ್ರ ಅಕ್ಕ ಮರೆಯದೆ, ತಾನೇ ಎತ್ತಿ ಗಾಡಿಗೆ ಹಾಕಿದ್ದಳು. ಅಪ್ಪನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬಹುದು. ಆದರೆ ಈಗ ಅದೂ ಕಪ್ಪು ಪುಡಿ ಅಂಟಿದ ಹಾಗೆ ಕಾಣುತ್ತಿತ್ತು.

*

ಫಲಕದ ಮಾದರಿ ಬಂತು. ಕೈ ಅಗಲದ ಲೋಹದ ತಗಡು, ಅದರ ಮೇಲೆ ಉಬ್ಬಿದ ಎಂಟು. ಕಣ್ಣು ಕಾಣದವರೂ ಮುಟ್ಟಿ ಓದಲಿ ಎಂದು ಉಬ್ಬಿಸಿದ್ದಂತೆ. ಮೇಡಂ ಹಾಗೆ ಕೇಳಿದ್ದರಂತೆ. ಭಾವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಮೌನಗೌರಿ, ಇದನ್ನ ಆ ಬೀರು ಮೇಲಿಡು. ಹಿಂದಕ್ಕೆ. ಗೋಡೆ ತಾಗೋ ಹಾಗೆ."

"ಮೇಜಿನ ಮೇಲಿದ್ರೆ?"

ಭಾವ ನನ್ನನ್ನು ನೋಡಿದರು. ನಾನು ಪ್ರಶ್ನೆ ಕೇಳುವುದು ಅವರಿಗೆ ಅಭ್ಯಾಸವಿಲ್ಲ. "ಮಾವ ಎಲ್ಲಾನೂ ಮುಟ್ಟಿ ಮುಟ್ಟಿ ನೋಡ್ತಾರೆ. ಗೀರು ಬೀಳುತ್ತೆ," ಎಂದರು. ಮತ್ತೆ ಕೆಳದನಿಯಲ್ಲಿ, "ನಿಮ್ಮಕ್ಕ ಹೇಳಿದ್ಲು," ಎಂದರು.

ಅವರ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ನಾನು ಸ್ಟೂಲು ಹತ್ತಿ ಎಂಟನ್ನು ಬೀರುವಿನ ಮೇಲೆ, ಗೋಡೆ ತಾಗುವ ಹಾಗೆ ಇಟ್ಟೆ. ಅಪ್ಪನ ಕೈಗೆ ಸಿಗದ ಎತ್ತರ.

ಅಪ್ಪ ಹೊಸ ವಸ್ತುಗಳನ್ನು ಬೆರಳಿನಿಂದಲೇ ಪರಿಚಯ ಮಾಡಿಕೊಳ್ಳುತ್ತಾರೆ ಎಂಬುದು ನಿಜ. ಆ ಸಂಜೆ 'ಏನೋ ಬಂತಂತೆ' ಎನ್ನುತ್ತ ಮುಂದಿನ ಕೋಣೆಗೆ ಬಂದು, ಮೇಜಿನ ಅಂಚಿನುದ್ದಕ್ಕೂ ಬೆರಳಾಡಿಸಿದರು. ಪಟ್ಟಿ ಸಿಕ್ಕಿತು, ಅಂಟಿನ ಡಬ್ಬಿ ಸಿಕ್ಕಿತು, ನನ್ನ ಕೈ ಸಿಕ್ಕಿತು.

"ಹೊಸ ಅಕ್ಷರ ಹೇಗಿದೆ ಮಗಳೇ? ನೀನು ನೋಡಿದೀಯಲ್ಲ."

"ಚೆನ್ನಾಗಿದೆ ಅಪ್ಪ."

"ಮಿಷನ್ ಥರ ಇದ್ಯಾ, ಕೈ ಥರ ಇದ್ಯಾ?"

"ಕೈ ಥರ."

ಅಪ್ಪ ನನ್ನ ಬೆರಳುಗಳನ್ನು ಬಿಡಲಿಲ್ಲ. "ಅಳಿಯಂದಿರ ಕೈ ನೋಡಿದೀನಿ," ಎಂದು ಮೆಲ್ಲಗೆ ನಕ್ಕರು. "ಮದುವೆ ದಿನ ಹಸ್ತಲಾಘವ ಮಾಡಿದ್ದು. ಹತ್ತಿ ಹಾಗಿತ್ತು."

ಅಷ್ಟು ಹೇಳಿ ಕೋಲು ಹುಡುಕಿಕೊಂಡು ಹೊರಟರು. ಬೀರುವಿನ ಪಕ್ಕ ಹಾದುಹೋಗುವಾಗ ಒಂದು ಗಳಿಗೆ ನಿಂತಂತೆ ನನಗೆ ಅನ್ನಿಸಿತು. ಕಣ್ಣು ಕಾಣದವರು ದಾರಿಗಾಗಿ ಎಲ್ಲ ಕಡೆಯೂ ನಿಲ್ಲುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಮನಸ್ಸು ಒಪ್ಪಲಿಲ್ಲ. ಈ ಮನೆಯಲ್ಲಿ ನನ್ನ ಅನುಮಾನಕ್ಕೆ ಬೀಳದೆ ಉಳಿದಿದ್ದವರು ಅಪ್ಪ ಒಬ್ಬರೇ. ಅಂದಿನಿಂದ ಅವರೂ ಉಳಿಯಲಿಲ್ಲ.

*

ರಜಾದಿನ ಮಧ್ಯಾಹ್ನ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಮೇಡಂ ಒಪ್ಪಿಗೆ ಕೊಟ್ಟಿದ್ದರು. ಭಾವ ಎಷ್ಟೋ ದಿನಗಳ ಮೇಲೆ ಗಡ್ಡ ಬೋಳಿಸಿಕೊಂಡಿದ್ದರು. ಅಕ್ಕ ಕೇಳಿ ಕೇಳಿ ಬಡಿಸುತ್ತಿದ್ದಳು.

"ಆಸ್ಪತ್ರೆ ಆಯಾ ಸಿಕ್ಕಿದ್ಲು ಚಹಾ ಅಂಗಡೀಲಿ," ಎಂದರು ಅಪ್ಪ. "ಹಳೇ ಬೋರ್ಡೆಲ್ಲ ಇಳಿಸ್ತಾರಂತೆ. ನಾಳೆಯಿಂದ."

"ಹೌದು ಮಾವ," ಎಂದರು ಭಾವ. "ಹಳತಾಗಿತ್ತು."

"ಹಳತೇ. ನಾನೇ ಹಳತು, ನಾನು ಬರೆದದ್ದು ಹೊಸದಿರುತ್ತಾ?" ಅಪ್ಪ ತಮ್ಮ ಮಾತಿಗೆ ತಾವೇ ನಕ್ಕರು. "ಅವಳು ಒಂದು ಮಾತು ಹೇಳಿ ನಗಿಸಿದ್ಲು. ಹೊಸ ಎಂಟು ಬಗ್ಗಿ ಬಗ್ಗಿ ನೋಡುತ್ತಂತೆ. ಅತ್ತೆ ಥರ."

"ಅವಳಿಗೇನು ಗೊತ್ತು ಬಿಡಿಪ್ಪ," ಎಂದಳು ಅಕ್ಕ. "ಇನ್ನೂ ಸ್ವಲ್ಪ ಹಾಕ್ಲಾ?"

"ಬಗ್ಗಿ ನೋಡುತ್ತೆ ಅಂದ್ರೆ ತಲೆ ದೊಡ್ಡದಿರಬೇಕು. ನಾನಾಗಿದ್ರೆ ಅದನ್ನ ಬಾಗಿಲ ಮೇಲೆ ಹಾಕ್ತಿದ್ದೆ."

ಭಾವ ಎತ್ತಿದ ತುತ್ತು ಬಾಯಿಯ ಹತ್ತಿರ ನಿಂತಿತು. ಅಕ್ಕ ಸೌಟು ಹಿಡಿದೇ ನನ್ನನ್ನು ನೋಡಿದಳು. ನೀನು ಹೇಳಿದೆಯಾ ಎಂದು ಕೇಳುವ ನೋಟ. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ನಂಬಲಿಲ್ಲ. ಭಾವ ಅವಳನ್ನು ನೋಡಿದರು, ಅವಳು ಭಾವನನ್ನು ನೋಡಿದಳು. ನಾವು ಮೂವರೂ ಒಬ್ಬರನ್ನೊಬ್ಬರು ಹೀಗೆ ನೋಡಿಕೊಳ್ಳುತ್ತಿದ್ದಾಗ ನೋಡಲಾಗದ ಒಬ್ಬರು ಮಾತ್ರ ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದರು. ಅಥವಾ ನಿಶ್ಚಿಂತೆಯಿಂದ ಇರುವಂತೆ ಕಾಣುತ್ತಿದ್ದರು.

ಅಪ್ಪ ನೀರು ಕುಡಿದು ಲೋಟವನ್ನು ಇದ್ದ ಜಾಗದಲ್ಲೇ ಇಟ್ಟರು.

"ಅಳಿಯಂದಿರೇ, ನಿಮಗೆ ಅಲ್ಲಿ ಎಲ್ಲರ ಪರಿಚಯ ಇದೆ. ಇಳಿಸಿದ್ರಲ್ಲಿ ಒಂದು ಹಲಗೆ ನನಗೆ ಬೇಕಿತ್ತು. ಎಂಟನೇ ವಾರ್ಡಿಂದು. ನೋಡೋಕಂತೂ ಆಗಲ್ಲ. ಬಣ್ಣ ದಪ್ಪಗೆ ಹಾಕಿದ್ದೆ, ಬೆರಳಿಗೆ ಸಿಗುತ್ತೆ. ಕೋಣೇಲಿ ಇಟ್ಕೋತೀನಿ."

ತಟ್ಟೆಯ ಮೇಲೆ ಭಾವನ ಕೈ ಅಲುಗಲಿಲ್ಲ. ಆ ಹಲಗೆ ಈ ಮನೆಗೆ ಬಂದ ದಿನ, ಬೀರುವಿನ ಮೇಲಿನ ಎಂಟು ಎಷ್ಟು ಹಿಂದಕ್ಕಿದ್ದರೂ ಸಾಲದು. ಆಸ್ಪತ್ರೆಯ ಯಾವ ಗೋಡೆಯ ಉಬ್ಬಿದ ಎಂಟನ್ನು ಮುಟ್ಟಿದರೂ ಎರಡೂ ಒಂದೇ ಎಂದು ಅಪ್ಪನ ಬೆರಳಿಗೆ ಗೊತ್ತಾದೀತು. ಅದು ನಾಲ್ವರಲ್ಲಿ ಮೂವರಿಗೆ ಗೊತ್ತಿತ್ತು. ನಾಲ್ಕನೆಯವರಿಗೂ ಗೊತ್ತಿತ್ತೇ ಎಂದು ಅವರ ಮುಖದಲ್ಲಿ ಹುಡುಕಿದೆ. ಅಪ್ಪನ ಮುಖ ಭಾವನ ಕಡೆ ತಿರುಗಿತ್ತು. ಅಲ್ಲಿಂದ ಅಕ್ಕನ ಕಡೆ ತಿರುಗಿತು, ಆಮೇಲೆ ನಾನು ಕೂತಿದ್ದ ಕಡೆಗೆ. ಅಕ್ಕ ನನ್ನ ಮೊಣಕೈಯನ್ನು ಮೇಜಿನ ಕೆಳಗೆ ಗಟ್ಟಿಯಾಗಿ ಹಿಡಿದಿದ್ದಳು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವ ಸರದಿ ನನಗೆ ಬಂದ ಹಾಗಿತ್ತು.

"ಒಂದೇ ಒಂದು ಸಾಕು," ಎಂದರು ಅಪ್ಪ. "ತಂದ್ಕೊಡ್ತೀರಾ?"